ಕೆಂಪು ಡಬ್ಬ

ಪೀಣ್ಯದಲ್ಲಿ ಆರು ಸಿಎನ್‌ಸಿ ಲೇತ್ (ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕಡೆಯುವ ಮಷಿನ್) ಇರುವ ಶೆಡ್ಡು ನಮ್ಮದು. ನಾನು ಕ್ವಾಲಿಟಿ ಇನ್‌ಚಾರ್ಜ್ ಆಗಿ ಸೇರಿದಾಗಲೇ ಐಎಸ್‌ಒ 9001 ಅನ್ನುವ ಗುಣಮಟ್ಟ ವ್ಯವಸ್ಥೆಯ ಸರ್ಟಿಫಿಕೇಟು ಗಣಪತಿ ಫೋಟೋದ ಪಕ್ಕ ಗೋಡೆ ಏರಿತ್ತು. ಆಯುಧಪೂಜೆಗೆ ಅದಕ್ಕೂ ಕುಂಕುಮ, ಹೂ. ಆಡಿಟ್ ಹಿಂದಿನ ರಾತ್ರಿ ಕೂತು ಇಡೀ ವರ್ಷದ ಇನ್‌ಸ್ಪೆಕ್ಷನ್ ರಿಪೋರ್ಟ್ ಬರೆದವರಲ್ಲಿ ನಾನೂ ಒಬ್ಬ. ಪೆನ್ನು ಬದಲಾಯಿಸುತ್ತಾ ಬರೀಬೇಕು ಅಂತ ಹಳಬರು ಹೇಳಿಕೊಟ್ಟಿದ್ದರು.

ಒಂದು ಸಲ ಗಿರಾಕಿಯಿಂದ ಲಾಟ್ ಪೂರ್ತಿ ವಾಪಸ್ ಬಂತು. 40 ಮಿ.ಮೀ. ಸ್ಟೀಲ್ ಪಿನ್ನು, ಟಾಲರೆನ್ಸ್ ಸ್ಮಾಲ್ ಎಚ್ 6. ಅಂದರೆ 39.984ಕ್ಕಿಂತ ಕೆಳಗೆ ಇಳಿಯುವ ಹಾಗಿಲ್ಲ, 40 ದಾಟುವ ಹಾಗಿಲ್ಲ. ಗಿರಾಕಿ ಅಳೆದಾಗ ಎಷ್ಟೋ ಪೀಸು ಅಂಡರ್‌ಸೈಜ್, ನಮ್ಮ ರಿಪೋರ್ಟಿನಲ್ಲಿ ಎಲ್ಲವೂ ಓಕೆ. ರಿಜೆಕ್ಷನ್ ಪುಸ್ತಕ ತೆಗೆದರೆ ಖಾಲಿ. ಗುಜರಿಯವನು ಬಂದ ದಿನ ಚಿಪ್ಸ್ (ಲೇತ್ ಕೆರೆದ ಲೋಹದ ಚೂರು) ರಾಶಿ ಕೆದಕಿದೆ. ಎಣ್ಣೆ ಮೆತ್ತಿದ ಸುರುಳಿಗಳ ಅಡಿಯಲ್ಲಿ ಬೆಚ್ಚಗೆ ಮಲಗಿದ್ದವು, 27 ಪಿನ್ನು. ಪೀಸ್ ಕೆಟ್ಟರೆ ಸಂಬಳದಲ್ಲಿ ಹಿಡಿಯುವುದು ನಮ್ಮಲ್ಲಿ ರೂಢಿ. ಹುಡುಗರು ಇನ್ನೇನು ಮಾಡಿಯಾರು?

ದಂಡ ನಿಲ್ಲಿಸಿ ಅಂತ ಓನರ್ ಹತ್ತಿರ ಹೋದೆ. ‘ಆಮೇಲೆ ಭಯ ಯಾರಿಗಿರುತ್ತೆ ರೀ?’ ಅಂದರು. ವಾಪಸ್ ಮಾಲಿನ ದುಡ್ಡು ಮುರಿದುಕೊಂಡು ಗಿರಾಕಿ ಕಳಿಸಿದ್ದ ಡೆಬಿಟ್ ನೋಟ್ ಮುಂದಿಟ್ಟೆ. ಮೂರು ತಿಂಗಳು ನೋಡೋಣ ಅಂದರು.

ಒಂದೊಂದು ಮಷಿನ್ ಪಕ್ಕ ಕೆಟ್ಟ ಪೀಸ್ ಹಾಕಲು ಒಂದೊಂದು ಕೆಂಪು ಡಬ್ಬ ಇಟ್ಟೆವು. ಮೊದಲ ತಿಂಗಳೇ ತುಂಬಿ ತುಳುಕಿದವು. ‘ಇದೇನಾ ನಿಮ್ಮ ಸುಧಾರಣೆ?’ ಅಂತ ಬೈಸಿಕೊಂಡೆ. ‘ಮೊದಲೂ ಇಷ್ಟೇ ಇತ್ತು ಸಾರ್, ಗುಜರಿ ತೂಕಕ್ಕೆ ಹೋಗ್ತಿತ್ತು’ ಅಂದೆ.

ಕಾರಣವಾರು, ಗಂಟೆವಾರು ಗೀಟು ಹಾಕಿಸಿ ಪ್ಯಾರೆಟೊ ಚಾರ್ಟ್ (ಹೆಚ್ಚಿನ ಕಾರಣದಿಂದ ಕಡಿಮೆಯದಕ್ಕೆ ಸಾಲಾಗಿ ಕಂಬ) ಬರೆದಾಗ ಅಂಡರ್‌ಸೈಜಿನದ್ದೇ ಎತ್ತರದ ಕಂಬ. ಅದರಲ್ಲೂ ಹೆಚ್ಚಿನವು ಮಧ್ಯಾಹ್ನದ ಊಟದ ನಂತರದವು. ಹಾಗಾಗಿ ಎರಡು ಗಂಟೆಗೆ ಆಪರೇಟರ್ ಪಕ್ಕ ನಿಂತೆ. ಪೀಸ್ ಹಿಡಿದಿಡುವ ಚಕ್ಕಿನಿಂದ ಪಿನ್ನು ತೆಗೆದ, ವೇಸ್ಟ್ ಬಟ್ಟೆಯಲ್ಲಿ ಒರೆಸಿದ, ಮೈಕ್ರೋಮೀಟರ್ ಹಿಡಿದ: 39.989. ಸರಿಯಾಗೇ ಇದೆ. ಆದರೆ ಪಿನ್ನು ಕೈಗೆ ಬಿಸಿಯಾಗಿತ್ತು. ಅದನ್ನು ಸರ್ಫೇಸ್ ಪ್ಲೇಟ್ ಮೇಲೆ ಒಂದು ಗಂಟೆ ಬಿಟ್ಟು ಅಳೆದರೆ 39.982. ಉಕ್ಕು ಒಂದು ಮೀಟರಿಗೆ, ಒಂದು ಡಿಗ್ರಿಗೆ ಸುಮಾರು 11.5 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗ) ಹಿಗ್ಗುತ್ತದೆ. 40 ಮಿ.ಮೀ.ಗೆ 15 ಡಿಗ್ರಿ ಬಿಸಿ ಅಂದರೆ 7 ಮೈಕ್ರಾನ್. ನಮಗಿರುವ ಟಾಲರೆನ್ಸೇ 16.

ಐದು ಸಲ ‘ಯಾಕೆ’ ಕೇಳುವ ಪದ್ಧತಿಯನ್ನು ಟ್ರೇನಿಂಗಿನಲ್ಲಿ ಕೇಳಿ ನಕ್ಕಿದ್ದೆ. ಈಗ ಕೇಳಿದೆ. ಪೀಸ್ ಯಾಕೆ ಬಿಸಿ? ಕೂಲೆಂಟ್ (ಪೀಸ್ ತಂಪಾಗಿಸುವ ದ್ರವ) ಸಣ್ಣಗೆ ಬರುತ್ತಿದೆ. ಯಾಕೆ? ಟ್ಯಾಂಕಿನ ಜಾಲರಿ ಕಟ್ಟಿದೆ. ಯಾಕೆ? ಯಾರೂ ತೊಳೆದಿಲ್ಲ. ಯಾಕೆ? ವರ್ಕ್ ಇನ್‌ಸ್ಟ್ರಕ್ಷನ್ನಿನಲ್ಲಿ ‘ಅಗತ್ಯವಿದ್ದಾಗ ಸ್ವಚ್ಛಗೊಳಿಸಿ’ ಅಂತಿದೆ. ಯಾಕೆ ಹಾಗಿದೆ? ಬೇರೆ ಫೈಲಿನಿಂದ ಕಾಪಿ ಹೊಡೆದು ಅಂಟಿಸಿದವನು ನಾನೇ. ಐದನೇ ಉತ್ತರ ದಾಖಲೆಗೆ ಬರೆಯುವಾಗ ಕೈ ಸ್ವಲ್ಪ ತಡವರಿಸಿತು, ಸುಳ್ಳೇಕೆ.

ಶಿಫ್ಟ್ ಶುರುವಿಗೆ ಜಾಲರಿ ತೊಳೆಯುವುದು, ಪಿನ್ನು ಆರಿದ ಮೇಲೆ ಮಾತ್ರ ಅಳೆಯುವುದು, ಆಫ್‌ಸೆಟ್ (ಟೂಲಿನ ಅಳತೆ ತಿದ್ದುಪಡಿ) ಕೊಡುವಾಗ ಟಾಲರೆನ್ಸಿನ ಮಧ್ಯಕ್ಕೆ ಗುರಿ ಇಡುವುದು, ಇಷ್ಟೇ ಬದಲಾವಣೆ. ಇಂಥದ್ದೇ ದೋಷ ಬೇರೆ ಕಡೆಯೂ ಇದೆಯಾ ನೋಡು ಅನ್ನುತ್ತದೆ ಐಎಸ್‌ಒ 9001ರ 10.2ನೇ ಕಲಂ. ನೋಡಿದರೆ ಇನ್ನೆರಡು ಮಷಿನ್ನಿನ ಜಾಲರಿಯೂ ಅದೇ ಗತಿ. ಆ ಪಿನ್ನು ಆಮೇಲೆ ವಾಪಸ್ ಬಂದಿಲ್ಲ, ದಂಡವೂ ಮರಳಿಲ್ಲ.

ಆದರೆ ರಾತ್ರಿ ಪಾಳಿಯ ಡಬ್ಬ ಮಾತ್ರ ಅನುಮಾನ ಬರುವಷ್ಟು ಹಗುರ. ಗುಜರಿಯವನು ಬರುವ ದಿನ ಇವತ್ತಿಗೂ ಚಿಪ್ಸ್ ಕೆದಕುತ್ತೇನೆ.