ತಲೆಗೆ ಪೆಟ್ಟಾದ ಮೇಲೆ ದಾಂಪತ್ಯ: ಮನೆಯಲ್ಲಿ ಹೇಗೆ ನಡೆದುಕೊಳ್ಳಬೇಕು?

ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಆಸ್ಪತ್ರೆ ಸೇರಿದವರು ಮನೆಗೆ ಬಂದು ನಾಲ್ಕು ಹೆಜ್ಜೆ ನಡೆದಾಡಿದರೆ ಸಾಕು, ನೆಂಟರು ‘ಗುಣವಾಯಿತಲ್ಲ’ ಎನ್ನುತ್ತಾರೆ. ಗಂಡ ಹೆಂಡತಿಯ ಕಷ್ಟ ಎಷ್ಟೋ ಸಲ ಶುರುವಾಗುವುದೇ ಆಗ. ಮಿದುಳಿನ ಮುಂಭಾಗಕ್ಕೆ ಏಟಾದರೆ ಕೋಪದ ಹಿಡಿತ ತಪ್ಪಬಹುದು, ಎದುರಿನವರ ನೋವು ತಟ್ಟದಿರಬಹುದು. ತಾನು ಬದಲಾಗಿದ್ದೇನೆ ಎಂಬುದೇ ಗಾಯಗೊಂಡವರ ಅರಿವಿಗೆ ಬಾರದಿರುವುದೂ ಉಂಟು.

ಆದ್ದರಿಂದ ಮೊದಲು ಗಾಯ ಯಾವುದು, ಸ್ವಭಾವ ಯಾವುದು ಎಂದು ಬಿಡಿಸಿ ನೋಡಬೇಕು. ಮಂಡ್ಯ ಕಡೆಯ ಒಂದು ರೈತರ ಮನೆಯನ್ನು ಕಲ್ಪಿಸಿಕೊಳ್ಳಿ. ತ್ರೀ ಫೇಸ್ ಕರೆಂಟು ಬಂದಿದೆ, ಕಬ್ಬಿಗೆ ನೀರು ಹಾಯಿಸಬೇಕು. ಗಂಡನಿಗೆ ಎಲ್ಲವೂ ಗೊತ್ತು, ಆದರೂ ಜಗಲಿ ಬಿಟ್ಟು ಏಳುವುದಿಲ್ಲ. ಹೆಂಡತಿಗೆ ಇದು ಸೋಮಾರಿತನವಾಗಿ ಕಾಣುತ್ತದೆ. ಆದರೆ ಗೊತ್ತಿರುವ ಕೆಲಸವನ್ನು ತಾನಾಗಿಯೇ ಶುರುಮಾಡುವ ಶಕ್ತಿಯೂ ಮಿದುಳಿನ ಅದೇ ಭಾಗದ್ದು. ‘ಬೆಳಗಿಂದ ಬಡ್ಕೊತಿದೀನಿ’ ಎಂದರೆ ಜಗಳ ಹತ್ತಿಕೊಳ್ಳುತ್ತದೆ. ‘ರೀ, ಕರೆಂಟ್ ಬಂತು, ಮೋಟಾರ್ ಹಾಕಿ ಬನ್ನಿ’ ಎಂದು ಒಂದೇ ಕೆಲಸವನ್ನು ಆ ಹೊತ್ತಿಗೇ ಹೇಳಿದರೆ ಎದ್ದು ಹೋಗುವ ಸಂಭವ ಹೆಚ್ಚು.

ಕೋಪ ಬರುವ ಹೊತ್ತನ್ನು ಗಮನಿಸಿ. ದಣಿವು, ಟಿವಿಯ ಸದ್ದು, ಒಟ್ಟಿಗೆ ಮಾತಾಡುವ ನಾಲ್ಕು ಜನ ಇವು ಗಾಯಗೊಂಡ ಮಿದುಳಿಗೆ ಹೊರೆಯಾಗುವುದರಿಂದ ಮಧ್ಯಾಹ್ನದ ವಿಶ್ರಾಂತಿಯನ್ನು ತಪ್ಪಿಸಬಾರದು, ಮದ್ಯವನ್ನು ಪೂರ್ತಿ ಬಿಡಿಸಬೇಕು. ಆದರೆ ಕೈ ಎತ್ತಿದರೆ, ಪೆಟ್ಟಾದ ತಲೆ ಎಂದು ಹೆಂಡತಿ ಸಹಿಸಿಕೊಂಡು ಕೂರಬೇಕಾಗಿಲ್ಲ. ಮಕ್ಕಳೊಂದಿಗೆ ಕೂಡಲೇ ಅಲ್ಲಿಂದ ಹೊರಬನ್ನಿ, 112 ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ, ವೈದ್ಯರಿಗೂ ತಿಳಿಸಿ.

ಯಾರೂ ಬಾಯಿಬಿಡದ ವಿಷಯ ಹಾಸಿಗೆಯದು. ಪೆಟ್ಟಿನಿಂದಲೋ, ಹಾರ್ಮೋನಿನ ಏರುಪೇರಿನಿಂದಲೋ, ಕೆಲವು ಮಾತ್ರೆಗಳಿಂದಲೋ ಕಾಮಾಸಕ್ತಿ ಕುಗ್ಗಬಹುದು. ಕೆಲವರಲ್ಲಿ ಹದ ಮೀರಲೂಬಹುದು. ಇತ್ತ ದಿನವಿಡೀ ಸ್ನಾನ ಮಾಡಿಸಿ, ಉಣ್ಣಿಸಿ, ಮಾತ್ರೆ ಕೊಟ್ಟ ಹೆಂಡತಿಗೆ ರಾತ್ರಿ ಅದೇ ಮನುಷ್ಯನನ್ನು ಗಂಡನೆಂದು ಕಾಣುವುದು ಕಷ್ಟವಾಗುತ್ತದೆ, ಬದುಕಿರುವ ಗಂಡನನ್ನೇ ಕಳೆದುಕೊಂಡಂಥ ದುಃಖ ಕಾಡುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಸ್ನಾನದ ಕೆಲಸವನ್ನಾದರೂ ಮೈದುನನಿಗೋ ಮಾವನಿಗೋ ಒಪ್ಪಿಸಿ, ಆ ಹೊತ್ತನ್ನು ಇಬ್ಬರೇ ಕಾಫಿ ಕುಡಿಯಲು ಉಳಿಸಿಕೊಳ್ಳಿ.

ಮಾತು ತೊದಲುತ್ತಿದ್ದರೆ ಅಥವಾ ಪದಗಳು ಸಿಗದಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ಯಿರಿ. ನೆನಪು, ನಡವಳಿಕೆಯ ತೊಂದರೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ನಿಮ್ಮದೇ ಮನಸ್ಸು ಕುಸಿದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಸಾಮಾನ್ಯವಾಗಿ ಚೇತರಿಕೆ ಮೊದಲ ಆರು ತಿಂಗಳಲ್ಲಿ ವೇಗವಾಗಿದ್ದು, ಆಮೇಲೆ ನಿಧಾನವಾಗಿ ಮುಂದುವರಿಯುತ್ತದೆ.

ವೈದ್ಯರ ಎದುರು ಗಂಡ ‘ನನಗೇನೂ ತೊಂದರೆ ಇಲ್ಲ’ ಎಂದು ಮನಸಾರೆ ಹೇಳಿಬಿಡಬಹುದು. ಹಾಗಾಗಿ ಕೋಪ, ಮರೆವು, ನಿದ್ದೆಗಳ ವಿವರವನ್ನು ದಿನಾಂಕ ಸಹಿತ ಒಂದು ಪುಸ್ತಕದಲ್ಲಿ ಬರೆದಿಟ್ಟು ತನ್ನಿ, ಐದು ನಿಮಿಷ ಪ್ರತ್ಯೇಕವಾಗಿ ಮಾತನಾಡಬೇಕೆಂದು ಮೊದಲೇ ಕೇಳಿಕೊಳ್ಳಿ.