ಒಂದೇ ಒಂದು ಮರುದನಿ: ರಾಕಬಿಲಿ ಸದ್ದನ್ನು ಮನೆಯಲ್ಲಿ ಹಿಡಿದ ಬಗೆ

1954ರ ಜುಲೈ 5ರಂದು ಮೆಂಫಿಸ್‌ನಲ್ಲಿ, ಸನ್ ರೆಕಾರ್ಡ್ಸ್ ಕಂಪನಿಯ ಒಡೆಯ ಸ್ಯಾಮ್ ಫಿಲಿಪ್ಸ್‌ನ ಸ್ಟುಡಿಯೋದಲ್ಲಿ ‘ದಟ್ಸ್ ಆಲ್ ರೈಟ್’ ರೆಕಾರ್ಡ್ ಆದಾಗ ಡ್ರಮ್ಸೇ ಇರಲಿಲ್ಲ. ಎಲ್ವಿಸ್ ಪ್ರೆಸ್ಲಿಯ ದನಿ ಮತ್ತು ಅಕೌಸ್ಟಿಕ್ ಗಿಟಾರ್, ಸ್ಕಾಟಿ ಮೂರ್‌ನ ಎಲೆಕ್ಟ್ರಿಕ್ ಗಿಟಾರ್, ಬಿಲ್ ಬ್ಲ್ಯಾಕ್ ನಿಂತು ಬಾರಿಸುವ ದೊಡ್ಡ ಬಾಸ್, ಅಷ್ಟೇ. 70 ವರ್ಷ ಕಳೆದರೂ ಈ ರಾಕಬಿಲಿ ಹಾಡುಗಳು (ಕಂಟ್ರಿ ಮತ್ತು ಬ್ಲೂಸ್ ಬೆರೆತ 1950ರ ದಶಕದ ಅಮೆರಿಕನ್ ಸಂಗೀತ) ಹಳಸದೆ ಉಳಿದಿರುವುದು ಆ ಖಾಲಿ ಜಾಗದಿಂದ ಎಂಬುದು ನನ್ನ ಎಣಿಕೆ. ಮನೆಯಲ್ಲಿ ನುಡಿಸುವವರು ಮೊದಲು ಎಡವುವುದೂ ಇಲ್ಲೇ: ಡ್ರಮ್ ಲೂಪ್ (ಸುತ್ತಿ ಸುತ್ತಿ ಬರುವ ಡ್ರಮ್ಮಿನ ತುಣುಕು) ಹಾಕಿಬಿಡುತ್ತಾರೆ, ಹಾಡು ಆಗಲೇ ಸಪ್ಪೆಯಾಗುತ್ತದೆ.

ಲೂಪ್ ಬದಲು ನಾನು ಬಳಸುವುದು ಕಾಗದ. ಗಾಯಕ ಜಾನಿ ಕ್ಯಾಶ್ ಗಿಟಾರ್ ತಂತಿಗಳಿಗೆ ಕಾಗದ ಸಿಕ್ಕಿಸಿ ಸ್ನೇರ್ ಡ್ರಮ್ಮಿನಂಥ ಸದ್ದು ತೆಗೆಯುತ್ತಿದ್ದ. ಮಾಮೂಲಿ ಎ4 ಹಾಳೆಯಿಂದ ಎರಡು ಬೆರಳಗಲದ ಪಟ್ಟಿ ಕತ್ತರಿಸಿ, ಉದ್ದಕ್ಕೆ ಒಮ್ಮೆ ಮಡಚಿ, ಅಕೌಸ್ಟಿಕ್ ಗಿಟಾರಿನ ಬ್ರಿಡ್ಜ್ (ಗಿಟಾರಿನ ಮೈಮೇಲೆ ತಂತಿಗಳು ಕೂರುವ ಪಟ್ಟಿ) ಹತ್ತಿರ ಒಂದು ತಂತಿಯ ಮೇಲೆ, ಮುಂದಿನದರ ಕೆಳಗೆ ಹೀಗೆ ಹೆಣೆಯಿರಿ. ದಪ್ಪ ರಟ್ಟು ಹಾಕಿದರೆ ಸ್ವರವೇ ಸಾಯುತ್ತದೆ. ಪೇಪರ್ ಓದಿ ಬಿಸಾಡಿದ ಹಾಳೆ ತೀರಾ ಮೆತ್ತಗೆ, ಚರಚರ ಅನ್ನುವುದಿಲ್ಲ. ಎರಡನೇ ಮತ್ತು ನಾಲ್ಕನೇ ಪೆಟ್ಟಿಗೆ ಮಾತ್ರ ಜೋರಾಗಿ ಹೊಡೆಯಿರಿ. ಪಟ್ಟಿ ಎರಡು ಮೂರು ಹಾಡಿಗೆ ಹರಿಯುತ್ತದೆ, ಹತ್ತು ಕತ್ತರಿಸಿ ಇಟ್ಟುಕೊಳ್ಳುವುದು ವಾಸಿ.

ಎಲೆಕ್ಟ್ರಿಕ್ ಗಿಟಾರ್‌ಗೆ ಫ್ಲಾಟ್‌ವೂಂಡ್ ತಂತಿ (ಚಪ್ಪಟೆ ಲೋಹದ ಪಟ್ಟಿ ಸುತ್ತಿದ ನುಣುಪು ತಂತಿ), ಮೂರನೆಯದೂ ಸುತ್ತಿದ್ದೇ ಆಗಬೇಕು. ಹೆಬ್ಬೆರಳಿಗೆ ಪ್ಲಾಸ್ಟಿಕ್ ಥಂಬ್‌ಪಿಕ್. ಸಡಿಲ ಅಥವಾ ಬಿಗಿಯಾದರೆ ಬಿಸಿನೀರಲ್ಲಿ ಅದ್ದಿ ಬೆರಳಿನ ಅಳತೆಗೆ ಒತ್ತಿಕೊಳ್ಳಬಹುದು. ಎ ಕಾರ್ಡ್‌ನಲ್ಲಿ ಹೆಬ್ಬೆರಳು 5ನೇ ತಂತಿ, 4ನೇ ತಂತಿ ಎಂದು ಒಂದಾದ ಮೇಲೊಂದು ನಡೆಯುತ್ತಿರಬೇಕು. ಇ ಕಾರ್ಡ್‌ಗೆ 6, 4, 5, 4. ಅಂಗೈಯ ಅಂಚು ಬ್ರಿಡ್ಜ್ ಮೇಲೆ ಹಗುರವಾಗಿ ಕೂತು ಮಂದ್ರದ ತಂತಿಗಳನ್ನಷ್ಟೇ ಮಂಕಾಗಿಸಲಿ. ತೋರುಬೆರಳು, ನಡುಬೆರಳು ತೆಳು ತಂತಿಗಳಲ್ಲಿ ರಾಗ ಎತ್ತುವಾಗ ಹೆಬ್ಬೆರಳು ತಡವರಿಸುತ್ತದೆ. ಅದು ನಿಲ್ಲುವವರೆಗೆ ನಿಮಿಷಕ್ಕೆ 80 ಪೆಟ್ಟಿನ ವೇಗ ದಾಟಬೇಡಿ.

ನಡೆ ಸಿಗದವರಿಗೆ ನಮ್ಮಲ್ಲೇ ಸುಲಭದ ದಾರಿಯಿದೆ. ಪ್ರತಿ ಪೆಟ್ಟಿಗೂ ತಿಶ್ರದಲ್ಲಿ ‘ತಕಿಟ’ ಹೇಳಿಕೊಳ್ಳಿ, ‘ಕಿ’ಯನ್ನು ಮನಸ್ಸಿನಲ್ಲೇ ನುಂಗಿ. ಉಳಿದ ‘ತ–ಟ’ವೇ ಶಫಲ್, ಅಂದರೆ ತೂಗಾಡುವ ಲಯ. ಮೂರನ್ನೂ ಸಮವಾಗಿ ಬಾರಿಸಿದರೆ ಕುದುರೆ ಓಟವಾಗುತ್ತದೆ, ರಾಕಬಿಲಿ ಅಲ್ಲ.

ಇನ್ನು ಸ್ಲ್ಯಾಪ್‌ಬ್ಯಾಕ್ ಮರುದನಿ, ಅಂದರೆ ತಕ್ಷಣ ಒಂದೇ ಒಂದು ಸಲ ಮರಳುವ ಸದ್ದು. ಫಿಲಿಪ್ಸ್ ಹಾಡಿನ ಸದ್ದನ್ನು ಎರಡನೇ ಟೇಪ್ ಯಂತ್ರಕ್ಕೆ ಕಳಿಸಿ, ಅದರ ರೆಕಾರ್ಡ್ ಹೆಡ್ ದಾಟಿ ಪ್ಲೇ ಹೆಡ್‌ಗೆ ಟೇಪ್ ತಲುಪುವ ಹೊತ್ತನ್ನೇ ಮರುದನಿಯಾಗಿ ಬಳಸಿದ. ಸೆಕೆಂಡಿಗೆ 7.5 ಇಂಚು ಓಡುವ ಟೇಪಿಗೆ 1 ಇಂಚು ದಾಟಲು 133 ಮಿಲಿಸೆಕೆಂಡ್ ಹಿಡಿಯುತ್ತದೆ. ನಾನು ಡಿಲೇಯನ್ನು (ಮರುದನಿ ಕೊಡುವ ಎಫೆಕ್ಟ್) 135 ಮಿಲಿಸೆಕೆಂಡಿಗೆ ಇಡುತ್ತೇನೆ. 80ಕ್ಕಿಂತ ಕೆಳಗೆ ಹೋದರೆ ಒಂದೇ ಗಿಟಾರ್ ಎರಡಾದಂತೆ ದಪ್ಪಗಾಗುತ್ತದೆ, 180 ದಾಟಿದರೆ ಮುಂದಿನ ಸ್ವರದ ಕಾಲಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಫೀಡ್‌ಬ್ಯಾಕ್ (ಮರುದನಿ ಮತ್ತೆ ಮತ್ತೆ ಮರಳುವ ಪ್ರಮಾಣ) ಸೊನ್ನೆ. ಮಿಕ್ಸ್ (ಬೆರೆಸುವ ಮರುದನಿಯ ಪಾಲು) ಗಿಟಾರ್‌ಗೆ 30%, ದನಿಗೆ 20%. ಮರುದನಿಯಲ್ಲಿ 4,000 ಹರ್ಟ್ಸ್ ಮೇಲಿನದನ್ನೂ 150ರ ಕೆಳಗಿನದನ್ನೂ ಕತ್ತರಿಸಿ, ಇಲ್ಲದಿದ್ದರೆ ‘ಸ’ಕಾರವೆಲ್ಲ ಎರಡೆರಡು ಸಲ ಉಗುಳಿದಂತೆ ಕೇಳುತ್ತದೆ. ರಿವರ್ಬ್ (ಕೋಣೆಯ ಗುಂಗಿನ ಎಫೆಕ್ಟ್) ಆಫ್. ಎಲ್ಲವೂ ಮೊನೊ, ಅಂದರೆ ಎಡಬಲ ಬೇರೆಯಿಲ್ಲದ ಒಂದೇ ಸದ್ದು; ಮರುದನಿಯನ್ನು ಒಂದು ಪಕ್ಕಕ್ಕೆ ಸರಿಸಿದರೆ ಚಂದ ಕೇಳುತ್ತದೆ ನಿಜ, ಆದರೆ ಅದು 1955ರ ಸದ್ದಲ್ಲ.

ಹೆಚ್ಚಿನವರು ಕೆಡಿಸುವುದು ಡಿಲೇಯನ್ನು ಹಾಡಿನ ವೇಗಕ್ಕೆ ಹೊಂದಿಸುವ ಟೆಂಪೊ ಸಿಂಕ್ ಬಟನ್ನಿನಿಂದ. ನಿಮಿಷಕ್ಕೆ 160ರ ಹಾಡಿನಲ್ಲಿ ಒಂದು ಪೆಟ್ಟಿಗೆ 375 ಮಿಲಿಸೆಕೆಂಡ್. ಸಿಂಕ್ ಅದರ ಅರ್ಧ, ಅಂದರೆ 187ಕ್ಕೆ ಎಳೆದುಕೊಂಡು ಹೋಗುತ್ತದೆ. ಟೇಪಿಗೆ ಹಾಡಿನ ವೇಗ ಗೊತ್ತಿರಲಿಲ್ಲ. ಆ ಬಟನ್ ಆಫ್ ಮಾಡಿ, ಹಾಡು ಯಾವುದಾದರೂ 135 ಇರಲಿ. ಇನ್ನೊಂದು: ಮರುದನಿಯನ್ನು ಆಮೇಲೆ ಸೇರಿಸುವುದಲ್ಲ, ಕೇಳಿಸಿಕೊಂಡೇ ನುಡಿಸಬೇಕು. ಕಿವಿಗೆ ಅದು ಬೀಳದಿದ್ದರೆ ಬೆರಳುಗಳು ಖಾಲಿ ಜಾಗವನ್ನೆಲ್ಲ ತುಂಬಿಬಿಡುತ್ತವೆ. ಕಂಪ್ಯೂಟರಿನಲ್ಲಿ ಬಫರ್ (ಸದ್ದನ್ನು ಕೊಂಚ ತಡೆದಿಟ್ಟು ಕಳಿಸುವ ಸೆಟ್ಟಿಂಗ್) 128 ಸ್ಯಾಂಪಲ್‌ಗೆ ಇಳಿಸಿ, ಇಲ್ಲವಾದರೆ ಅದರದೇ ವಿಳಂಬ ಮೇಲೆ ಕೂತು ಕೈ ಹಿಂದೆ ಬೀಳುತ್ತದೆ. (1956ರ ಜನವರಿಯಲ್ಲಿ ನ್ಯಾಶ್‌ವಿಲ್‌ನಲ್ಲಿ ‘ಹಾರ್ಟ್‌ಬ್ರೇಕ್ ಹೋಟೆಲ್’ಗೆ ಆರ್‌ಸಿಎ ರೆಕಾರ್ಡ್ ಕಂಪನಿಯವರು ಕಾರಿಡಾರಿನ ಮರುದನಿ ಬಳಸಿದರು. ಸನ್ ರೆಕಾರ್ಡ್ ಪಕ್ಕದಲ್ಲಿಟ್ಟು ಕೇಳಿ: ಸನ್‌ನದು ಬೆನ್ನು ತಟ್ಟುತ್ತದೆ, ಆರ್‌ಸಿಎಯದು ದೂರದಿಂದ ಕೂಗುತ್ತದೆ.)

ಸೆಟ್ಟಿಂಗ್ ಪರೀಕ್ಷೆಗೆ ಎ6 ಕಾರ್ಡ್ ಸಾಕು: 5ನೇ ತಂತಿ ತೆರೆದು, 1ರಿಂದ 4ರವರೆಗಿನ ತಂತಿಗಳನ್ನು 2ನೇ ಫ್ರೆಟ್‌ನಲ್ಲಿ ಒಂದೇ ಬೆರಳಿನಿಂದ ಅದುಮಿ, ಒಮ್ಮೆ ಬಾರಿಸಿ ಥಟ್ಟನೆ ಅಂಗೈಯಿಂದ ತಡೆಯಿರಿ. ತಂತಿ ನಿಂತ ಮೇಲೆ ಒಂದು ಸಲ ತಿರುಗಿ ಕೇಳಿದರೆ ಸರಿ. ಎರಡು ಸಲ ಕೇಳಿದರೆ ಫೀಡ್‌ಬ್ಯಾಕ್ ಇನ್ನೂ ಸೊನ್ನೆಗೆ ಬಂದಿಲ್ಲ.