ಲೈಸೆನ್ಸ್ ಬಂದ ಮೇಲೂ ಬಿಡದ ಪರೀಕ್ಷೆ: ಏರ್‌ಲೈನ್ ಪೈಲಟ್‌ಗಳ ಆರು ತಿಂಗಳ ಚೆಕ್‌ಗೆ ತಯಾರಿ

ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್‌ನಲ್ಲಿ ಶುರುವಾಯಿತು, ಮರುವರ್ಷವೇ ಬೀದರ್‌ಗೂ ಪ್ರಯಾಣಿಕರ ವಿಮಾನ ಬಂತು. ಈಗ ನಮ್ಮ ಕಡೆಯ ಮಕ್ಕಳೂ ಪೈಲಟ್ ಆಗುವ ದಾರಿ ಹಿಡಿದಿದ್ದಾರೆ. ಲೈಸೆನ್ಸ್ ಕೈಗೆ ಬಂದರೆ ಪರೀಕ್ಷೆಯ ಕಾಟ ಮುಗಿಯಿತು ಎಂಬುದು ಹೆಚ್ಚಿನ ಮನೆಗಳ ಲೆಕ್ಕ. ಕಮರ್ಷಿಯಲ್ ಪೈಲಟ್ ಲೈಸೆನ್ಸಿನ ಅವಧಿ 2023ರಲ್ಲಿ 5 ವರ್ಷದಿಂದ 10 ವರ್ಷಕ್ಕೆ ಏರಿದ್ದು ನಿಜ. ಆದರೆ ನಾಳೆ ನೀವು ಕಾಕ್‌ಪಿಟ್‌ನಲ್ಲಿ ಕೂರಬಹುದೇ ಇಲ್ಲವೇ ಎಂದು ತೀರ್ಮಾನಿಸುವುದು ಅದರ ಕೆಳಗೆ ಓಡುತ್ತಿರುವ ಸಣ್ಣ ಸಣ್ಣ ಗಡುವುಗಳು. ಒಂದು ತಪ್ಪಿದರೂ ರೋಸ್ಟರ್‌ನಿಂದ, ಅಂದರೆ ಡ್ಯೂಟಿ ಪಟ್ಟಿಯಿಂದ, ಹೆಸರು ಹೋಗುತ್ತದೆ.

ಮೊದಲು ಆ ತಾರೀಖುಗಳನ್ನು ಒಂದೇ ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿ. ಹಾರಿಸುವ ಕೌಶಲ ನೋಡುವ ಪೈಲಟ್ ಪ್ರೊಫಿಷಿಯನ್ಸಿ ಚೆಕ್, ಅಂದರೆ ಪಿಪಿಸಿ, ಆರು ತಿಂಗಳಿಗೊಮ್ಮೆ. ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಕಾಣದಿದ್ದಾಗ ಮೀಟರ್ ನೋಡಿ ಹಾರಿಸುವ ಅರ್ಹತೆ) ಮತ್ತು ಲೈನ್ ಚೆಕ್ (ನಿಜವಾದ ಹಾರಾಟದಲ್ಲೇ ನಡೆಯುವ ಪರೀಕ್ಷೆ) ವರ್ಷಕ್ಕೊಮ್ಮೆ. ಕಾಕ್‌ಪಿಟ್‌ನಲ್ಲಿ ಒಬ್ಬರಿಗೊಬ್ಬರು ಹೊಂದಿ ಕೆಲಸ ಮಾಡುವುದನ್ನು ಕಲಿಸುವ ಸಿಆರ್‌ಎಂ ತರಗತಿಯೂ ವರ್ಷಕ್ಕೊಮ್ಮೆ, ಅಪಾಯಕಾರಿ ಸರಕುಗಳ ತರಬೇತಿ 24 ತಿಂಗಳಿಗೊಮ್ಮೆ. ಇಂಗ್ಲಿಷ್ ಪರೀಕ್ಷೆಯಲ್ಲಿ ಲೆವೆಲ್ 4 ಬಂದವರು 3 ವರ್ಷಕ್ಕೆ, ಲೆವೆಲ್ 5 ಬಂದವರು 6 ವರ್ಷಕ್ಕೆ ಮತ್ತೆ ಪರೀಕ್ಷೆ ಕೊಡಬೇಕು. ಲೆವೆಲ್ 6 ಬಂದರೆ ಆ ಚಿಂತೆ ಇಲ್ಲ. ಇವಲ್ಲದೆ ಹಿಂದಿನ 90 ದಿನಗಳಲ್ಲಿ ಕನಿಷ್ಠ 3 ಟೇಕಾಫ್, 3 ಲ್ಯಾಂಡಿಂಗ್ ನಿಮ್ಮ ಕೈಯಿಂದಲೇ ಆಗಿರಬೇಕು. ಉದ್ದನೆಯ ರಜೆ, ಹೆರಿಗೆ, ಕಾಯಿಲೆ ಬಂದಾಗ ಜನ ಎಡವುವುದು ಇಲ್ಲಿಯೇ. ಅದು ಲ್ಯಾಪ್ಸ್ ಆದರೆ ಸಿಮ್ಯುಲೇಟರ್‌ನಲ್ಲಿ (ಕಾಕ್‌ಪಿಟ್‌ನಂತೆಯೇ ಇರುವ ತರಬೇತಿ ಯಂತ್ರ, ‘ಸಿಮ್’) ಮತ್ತೆ ಮಾಡಿ ತೋರಿಸದೆ ಪ್ರಯಾಣಿಕರನ್ನು ಕರೆದೊಯ್ಯುವಂತಿಲ್ಲ.

ಚೆಕ್ ಬೇಗ ಮುಗಿಸಿಬಿಡೋಣ ಎಂಬ ಆತುರವೂ ಒಳ್ಳೆಯದಲ್ಲ. ಒಂದೇ ಬಗೆಯ ಎರಡು ಚೆಕ್‌ಗಳು ನಾಲ್ಕು ತಿಂಗಳ ಒಳಗೆ ಬಂದರೆ ಅವೆರಡರಿಂದಲೇ ವರ್ಷದ ಲೆಕ್ಕ ತುಂಬದು ಎನ್ನುತ್ತದೆ ಅಂತರರಾಷ್ಟ್ರೀಯ ನಿಯಮ. ಹಾಗಂತ ಕೊನೆಯ ವಾರದವರೆಗೂ ಎಳೆಯಬೇಡಿ. ಸಿಮ್ ಕೆಟ್ಟು ನಿಂತರೆ, ಜ್ವರ ಬಂದರೆ ಬೇರೆ ಸ್ಲಾಟ್ ಸಿಗಬೇಕಲ್ಲ.

ಮೆಡಿಕಲ್ ವಿಷಯದಲ್ಲಿ ನಮ್ಮ ಭಾಗದವರಿಗೆ ಒಂದು ಮಾತು ಒತ್ತಿ ಹೇಳಬೇಕು. ಏರ್‌ಲೈನ್ ಪೈಲಟ್‌ಗಳಿಗೆ ಬೇಕಾದ ಆರೋಗ್ಯ ಪ್ರಮಾಣಪತ್ರ, ಅಂದರೆ ಕ್ಲಾಸ್ 1 ಮೆಡಿಕಲ್, 40ರೊಳಗಿನವರಿಗೆ 12 ತಿಂಗಳು ನಡೆಯುತ್ತದೆ, ವಯಸ್ಸು ಏರಿದಂತೆ ಆರು ತಿಂಗಳಿಗೆ ಇಳಿಯುತ್ತದೆ. ಕಲಬುರಗಿ, ಯಾದಗಿರಿಯ ಬೇಸಿಗೆಯಲ್ಲಿ ನೀರು ಕಡಿಮೆ ಕುಡಿದು ಕಿಡ್ನಿಯಲ್ಲಿ ಹರಳು ಮಾಡಿಕೊಳ್ಳುವವರು ಬಹಳ. ಹರಳು ಕಂಡರೆ, ಅದು ಹೋಯಿತೆಂದು ಸ್ಕ್ಯಾನ್‌ನಲ್ಲಿ ಖಚಿತವಾಗುವವರೆಗೆ ತಾತ್ಕಾಲಿಕ ಅನ್‌ಫಿಟ್ ಆಗುವ ಸಂಭವವಿದೆ. ಹಾರುತ್ತಿರುವಾಗಲೇ ಆ ನೋವು ಎದ್ದರೆ ಪೈಲಟ್ ಕೆಲಸಕ್ಕೆ ಬಾರದಂತಾಗುತ್ತಾನೆ, ಅದಕ್ಕೇ ಇಷ್ಟು ಬಿಗಿ. ರಜೆಗೆ ಊರಿಗೆ ಬಂದಾಗಲೂ ಮೂತ್ರ ತಿಳಿಯಾಗಿರುವಷ್ಟು ನೀರು ಕುಡಿಯಿರಿ. ಮೆಡಿಕಲ್‌ಗೆ ಎರಡು ತಿಂಗಳು ಮುಂಚೆ ಊರಲ್ಲೇ ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಿಸಿ. ತಿದ್ದಿಕೊಳ್ಳಲು ಸಮಯ ಇರುತ್ತದೆ. ನೆಗಡಿಗೆ ಅಂಗಡಿಯ ಮಾತ್ರೆ ನುಂಗಿ ಹಾರಬೇಡಿ, ಹಲವು ಮಾತ್ರೆ ನಿದ್ದೆ ತರುತ್ತವೆ. ಕನ್ನಡಕ ಇದ್ದವರು ಇನ್ನೊಂದು ಜೊತೆ ಬ್ಯಾಗಿನಲ್ಲಿ ಇಟ್ಟಿರಲೇಬೇಕು.

ಇನ್ನು ಸಿಮ್. ಸಾಮಾನ್ಯವಾಗಿ ಒಂದು ಸೆಷನ್ 4 ಗಂಟೆ: 2 ಗಂಟೆ ನೀವು ಹಾರಿಸುತ್ತೀರಿ, 2 ಗಂಟೆ ಜೊತೆಗಾರ. ಹಿಂದೆ ಮುಂದೆ ಬ್ರೀಫಿಂಗ್, ಡಿಬ್ರೀಫಿಂಗ್. ಸ್ಲಾಟ್ ನಡುರಾತ್ರಿ ಎರಡಕ್ಕೂ ಸಿಗಬಹುದು. ಕಲಬುರಗಿಯಿಂದ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಇಳಿದು ನೇರ ಸಿಮ್‌ಗೆ ಹೋಗುವುದು, ಬೀದರ್‌ನಿಂದ ಹೈದರಾಬಾದ್‌ಗೆ ಅದೇ ದಿನ ಕಾರು ಓಡಿಸಿಕೊಂಡು ಹೋಗುವುದು, ಎರಡೂ ಬೇಡ. ಒಂದು ದಿನ ಮುಂಚೆ ಹೋಗಿ, ನಿದ್ದೆ ಮಾಡಿ.

ಎಲ್ಲಕ್ಕಿಂತ ಹೆಚ್ಚು ಅಭ್ಯಾಸ ಬೇಕಾದದ್ದು ವಿ1 (ಅದಾದ ಮೇಲೆ ಟೇಕಾಫ್ ನಿಲ್ಲಿಸಲಾಗದ ವೇಗ) ದಾಟಿದ ಮೇಲೆ ಎಂಜಿನ್ ಕೈಕೊಡುವುದಕ್ಕೆ. ಎಡ ಎಂಜಿನ್ ಹೋದರೆ ಮೂತಿ ಎಡಕ್ಕೆ ಎಳೆಯುತ್ತದೆ. ಬಲಗಾಲಿನ ರಡ್ಡರ್ ಪೆಡಲ್ (ಮೂತಿ ತಿರುಗಿಸುವುದು) ಒತ್ತಿ ರನ್‌ವೇ ನಡುಗೆರೆಯ ಮೇಲೆ ಹಿಡಿಯಿರಿ. ಮೂತಿಯನ್ನು ನಿಧಾನ ಎತ್ತಿ. ವಿಮಾನ ಏರುತ್ತಿದೆ ಎಂದು ಖಚಿತವಾದ ಮೇಲೆ ಗೇರ್, ಅಂದರೆ ಚಕ್ರಗಳು, ಮೇಲೆ. ಆಮೇಲೆ ಕೈ ಕಟ್ಟಿಕೊಂಡಂತಿರಿ: ಕನಿಷ್ಠ 400 ಅಡಿವರೆಗೆ ದಾರಿ, ವೇಗ ಇವೆರಡೇ ಕೆಲಸ. ಅನಂತರವೇ ಯಾವ ಎಂಜಿನ್ ಎಂದು ಹೇಳುವುದು, ಮೀಟರ್ ನೋಡುವುದು, ಲಿವರ್ ಮುಟ್ಟಿ ತೋರಿಸುವುದು, ಪಕ್ಕದವರು ‘ಹೌದು’ ಎಂದ ಮೇಲೆ ಎಳೆಯುವುದು. 2015ರ ಫೆಬ್ರುವರಿಯಲ್ಲಿ ತೈಪೆಯಲ್ಲಿ ಟ್ರಾನ್ಸ್‌ಏಷಿಯಾದ ಎಟಿಆರ್ 72 ಬಿದ್ದು 43 ಜನ ಸತ್ತದ್ದು ಈ ಕೊನೆಯ ಹೆಜ್ಜೆ ಬಿಟ್ಟುಬಿಟ್ಟದ್ದಕ್ಕೆ. ಕೆಟ್ಟದ್ದು ಎರಡನೇ ಎಂಜಿನ್, ನಿಲ್ಲಿಸಿದ್ದು ಚೆನ್ನಾಗಿದ್ದ ಮೊದಲನೆಯದನ್ನು. ಆ ಕ್ಯಾಪ್ಟನ್ ಹಿಂದಿನ ವರ್ಷ ಸಿಮ್ಯುಲೇಟರ್ ಚೆಕ್ ಒಂದರಲ್ಲಿ ಫೇಲ್ ಆಗಿದ್ದರು, ಟೇಕಾಫ್‌ನಲ್ಲಿ ಎಂಜಿನ್ ಹೋದಾಗಿನ ಅವರ ಕೆಲಸದಲ್ಲಿ ಕೊರತೆಗಳಿದ್ದವು ಎಂದು ತನಿಖಾ ವರದಿಯಲ್ಲಿದೆ. ಪರೀಕ್ಷಕರು ಬಿಗಿ ಹಿಡಿದಾಗ ಬೇಸರಪಡುವವರು ಇದನ್ನು ಮರೆಯಬಾರದು.

ಮನೆಯಲ್ಲೇ ಅಭ್ಯಾಸ ಮಾಡಬಹುದು. ಕಾಕ್‌ಪಿಟ್‌ನ ದೊಡ್ಡ ಚಿತ್ರವನ್ನು ಗೋಡೆಗೆ ಅಂಟಿಸಿ, ಎದುರು ಕುರ್ಚಿ ಹಾಕಿ, ಕಾಲ ಕೆಳಗೆ ಪೆಡಲ್ ಎಂದುಕೊಂಡು ಎರಡು ಇಟ್ಟಿಗೆ ಇಡಿ. ಕಣ್ಣು ಎಲ್ಲಿ ಹೋಗಬೇಕು, ಕೈ ಯಾವ ಲಿವರ್‌ಗೆ, ಬಾಯಲ್ಲಿ ಯಾವ ಮಾತು, ಮೂರೂ ಒಟ್ಟಿಗೆ ಬರಬೇಕು. ಮನಸ್ಸಿನಲ್ಲೇ ಓದಿಕೊಂಡವರಿಗೆ ಸಿಮ್‌ನಲ್ಲಿ ಅಲಾರಂ ಹೊಡೆದಾಗ ಬಾಯಿ ಕಟ್ಟುತ್ತದೆ. ದಿನಕ್ಕೆ 20 ನಿಮಿಷ, ಹದಿನೈದು ದಿನ ಸಾಕು. ಒಂದೇ ಎಂಜಿನ್‌ನಲ್ಲಿ ಗೋ-ಅರೌಂಡ್ (ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವುದು), ತುರ್ತು ಇಳಿತ, ವೇಗದ ಮೀಟರ್ ಸುಳ್ಳು ಹೇಳುವ ಸ್ಥಿತಿ, ಇವನ್ನೂ ಸೇರಿಸಿ. ವಿಂಡ್‌ಶಿಯರ್ (ಗಾಳಿಯ ವೇಗ, ದಿಕ್ಕು ದಿಢೀರ್ ಬದಲಾಗುವುದು) ಎಚ್ಚರಿಕೆ ಬಂದರೆ ಎಂಜಿನ್‌ಗೆ ಪೂರ್ತಿ ಥ್ರಸ್ಟ್, ಮೂತಿ ಮೇಲೆ. ಗೇರ್, ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಹಲಗೆ) ಮುಟ್ಟಬೇಡಿ. ಏಪ್ರಿಲ್-ಮೇ ಸಂಜೆ ನಮ್ಮಲ್ಲಿ ಗುಡುಗು ಮೋಡ ಕಟ್ಟುವಾಗ ಬೇಕಾಗುವುದೇ ಇದು.

ಟೇಕಾಫ್ ಲೆಕ್ಕಕ್ಕೂ ಊರಿನ ಬಿಸಿಲನ್ನೇ ಉದಾಹರಣೆ ಮಾಡಿಕೊಳ್ಳಿ. ಸುಮಾರು 1,500 ಅಡಿ ಎತ್ತರದ ಕಲಬುರಗಿಯಲ್ಲಿ 42 ಡಿಗ್ರಿ ಇದ್ದಾಗ ಗಾಳಿ ಸುಮಾರು 5,000 ಅಡಿ ಎತ್ತರದಲ್ಲಿ ಇರುವಷ್ಟೇ ತೆಳು. ಒಂದೇ ಎಂಜಿನ್‌ನ ಏರುವಿಕೆ ಎಷ್ಟು ಕುಗ್ಗುತ್ತದೆ ಎಂದು ಪರೀಕ್ಷಕರು ಕೇಳಿದರೆ ಉತ್ತರ ಸಿದ್ಧವಿರಲಿ.

ಸಿಆರ್‌ಎಂ ತರಗತಿಯನ್ನು ಹಾಜರಿಗಷ್ಟೇ ಎಂದು ಕೂರುವುದು ದೊಡ್ಡ ತಪ್ಪು. 2010ರ ಮೇ 22ರಂದು ಮಂಗಳೂರಿನ ವಿಮಾನ ದುರಂತದಲ್ಲಿ 158 ಜನ ತೀರಿಕೊಂಡರು. ಕೋ-ಪೈಲಟ್ ಗೋ-ಅರೌಂಡ್ ಮಾಡಿ ಎಂದರೂ ಇಳಿಯುವುದು ನಿಲ್ಲಲಿಲ್ಲ. ಚಕ್ರ ನೆಲಕ್ಕೆ ತಾಗಿದಾಗ 8,000 ಅಡಿಯ ರನ್‌ವೇಯಲ್ಲಿ 5,200 ಅಡಿ ಕಳೆದಿತ್ತು. ಕಲಬುರಗಿಯ 3,175 ಮೀಟರ್ ರನ್‌ವೇಯಲ್ಲಿ ತಡವಾಗಿ ಇಳಿದರೂ ನಡೆದುಹೋಗಬಹುದು, ಆ ಅಭ್ಯಾಸ ಮಂಗಳೂರಿನಂಥ ಕಡೆ ನಡೆಯದು. ಇಳಿಯುವಾಗ ಮೋಡದಲ್ಲಿ 1,000 ಅಡಿಗೆ, ತಿಳಿ ಆಕಾಶದಲ್ಲಿ 500 ಅಡಿಗೆ ವೇಗ, ದಾರಿ, ಗೇರ್, ಫ್ಲ್ಯಾಪ್ ಎಲ್ಲ ಸರಿ ಇರದಿದ್ದರೆ ಮೇಲಕ್ಕೆ ಹೋಗಿ. ನಿಮ್ಮ ಕಂಪನಿಯ ಮ್ಯಾನುಯಲ್ ಇನ್ನೂ ಬಿಗಿಯಾಗಿದ್ದರೆ ಅದೇ ಕೊನೆ ಮಾತು. ಗೋ-ಅರೌಂಡ್ ಮಾಡಿದವರಿಗೆ ಪರೀಕ್ಷಕರು ಅಂಕ ಕಡಿಯುವುದಿಲ್ಲ, ಮಾಡದವರನ್ನು ಫೇಲ್ ಮಾಡುತ್ತಾರೆ.

ಫೇಲ್ ಆದರೆ ಮರುತರಬೇತಿ, ಮರುಚೆಕ್. ಅಲ್ಲಿಯವರೆಗೆ ಹಾರಾಟ ಇಲ್ಲ. ಡಿಬ್ರೀಫಿಂಗ್‌ನಲ್ಲಿ ವಾದಕ್ಕಿಳಿಯದೆ, ಯಾವ ಹೆಜ್ಜೆಯಲ್ಲಿ ಏನು ತಪ್ಪಿತು ಎಂದು ಬರೆದುಕೊಂಡು ಮುಂದಿನ ಸಿಮ್‌ನಲ್ಲಿ ಅದನ್ನೇ ಮೊದಲು ಮಾಡಿಸಿ ಎಂದು ಕೇಳಿ. ಪಾಸಾದರೆ ಅಲ್ಲಿಂದ ಏಳುವ ಮುಂಚೆ ಫಾರಂ ನೋಡಿ: ಲೈಸೆನ್ಸ್ ನಂಬರ್, ವಿಮಾನದ ಟೈಪ್, ತಾರೀಖು, ಪರೀಕ್ಷಕರ ಸಹಿ. ಒಂದು ಅಂಕಿ ತಪ್ಪಿದರೂ ಲೈಸೆನ್ಸ್ ಕೊಡುವ ಡಿಜಿಸಿಎಯ ಇ-ಜಿಸಿಎ ಪೋರ್ಟಲ್‌ನಲ್ಲಿ ಅರ್ಜಿ ವಾಪಸ್ ಬರಬಹುದು. ಪ್ರತಿಯನ್ನು ಫೋನ್‌ನಲ್ಲೂ ಇಟ್ಟುಕೊಳ್ಳಿ, ಗೋಡೆಯ ಹಾಳೆಯಲ್ಲಿ ಹೊಸ ತಾರೀಖು ಅಂದೇ ಬರೆಯಿರಿ.